ಫುಲಿನ್ ಕೊರೆದ ಬೋಗುಣಿ

ನಮ್ಮೂರಲ್ಲಿ ಯಾರು ಸತ್ತರೂ ಸೂತಕದ ಬಿಳಿ ಬಟ್ಟೆ ಹೊಲಿಯುವವಳು ನಾನೇ. ಯಾರು ಯಾರಿಗೆ ಏನಾಗಬೇಕು ಅನ್ನುವುದು ನನ್ನ ಕತ್ತರಿಗೆ ಬಾಯಿಪಾಠ. ಮಗನಾದರೆ ಒರಟು ಬಟ್ಟೆ, ಕತ್ತರಿಸಿದ ಅಂಚನ್ನು ಹಾಗೇ ಬಿಡಬೇಕು, ನೂಲು ಜೋತಾಡುತ್ತಿರಬೇಕು. ಹೆತ್ತವರು ಸತ್ತಾಗ ಅಂಚು ಮಡಿಸಿ ಹೊಲಿಸಿಕೊಳ್ಳುವ ಪುರುಸೊತ್ತು ಯಾವ ಮಗನಿಗಿರುತ್ತದೆ? ಅಣ್ಣನ ಮಗನೋ ತಮ್ಮನ ಮಗನೋ ಆದರೆ ಒಂಚೂರು ನಯವಾದ ಬಟ್ಟೆ, ಅಂಚಿಗೆ ಹೊಲಿಗೆ. ಅಳಿಯನಿಗೆ ಬೇರೆ, ಮೊಮ್ಮಗನಿಗೆ ಬೇರೆ. ಯಾರಿಗೆ ಎಷ್ಟು ದುಃಖ ಅಂತ ನಾನು ಕೇಳುವುದಿಲ್ಲ. ಸಂಬಂಧ ಹೇಳಿ, ಭುಜದ ಅಳತೆ ಕೊಡಿ, ಸಾಕು.

ಫುಲಿನನ ಬಟ್ಟೆಗೆ ಮಾತ್ರ ಒಂದು ಸಲ ಕತ್ತರಿ ಹಿಡಿದು ಸುಮ್ಮನೆ ಕೂತುಬಿಟ್ಟಿದ್ದೆ.

ಲುವಾನ್ ಫುಲಿನ್ ನನ್ನ ಗಂಡನಿಗೆ ದಾಯಾದಿ ತಮ್ಮ, ನನಗೆ ಮೈದುನ. ಕೆಂಪು ಜೋಳದ ತೆನೆಕಡ್ಡಿಯಿಂದ ಪೊರಕೆ ಕಟ್ಟುವುದು ಅವನ ಕಸುಬು. ಸೊಂಟದಲ್ಲಿ ಯಾವಾಗಲೂ ಒಂದು ದಬ್ಬಳ, ಹಲ್ಲಲ್ಲಿ ಕಚ್ಚಿದ ಸೆಣಬಿನ ದಾರ. ಬಾಯಲ್ಲಿ ದಾರ ಇರುವುದರಿಂದ ಮಾತಾಡುವುದಿಲ್ಲವೋ, ಮಾತಾಡಲು ಇಷ್ಟವಿಲ್ಲದ್ದರಿಂದ ದಾರ ಕಚ್ಚಿರುತ್ತಾನೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಏನು ಕೇಳಿದರೂ "ಹುಂ". ಮದುವೆಯ ದಿನ ಹೆಣ್ಣಿನ ಕಡೆಯವರು ಹುಡುಗ ಮೂಗನಾ ಅಂತ ನನ್ನನ್ನೇ ಕೇಳಿದ್ದರು.

"ಮೂಗ ಅಲ್ಲ ಕಣಮ್ಮ, ಮಾತು ಉಳಿಸ್ತಾ ಇದಾನೆ, ನಿಮ್ಮ ಹುಡುಗಿಗೇ ಅಂತ," ಅಂದಿದ್ದೆ. ಆ ಹುಡುಗಿ ಇನ್ನೂ ಕಾಯುತ್ತಿದ್ದಾಳೆ ಪಾಪ.

ಅವನು ಹಾಗಾದದ್ದು ಹೇಗೆ ಅಂತ ಊರಿಗೆಲ್ಲ ಗೊತ್ತು. ಅವನ ತಾತ ಹಳೆಯ ಕಾಲದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮನುಷ್ಯ. ಆತನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ದೆಗುಯಿಗೆ ಮಕ್ಕಳಾಗಲಿಲ್ಲ. ಕಿರಿಯ ದೆಮಿಂಗನಿಗೆ ಫುಶಾನ್, ಫುಲಿನ್ ಅಂತ ಇಬ್ಬರು. ಹೊಸವರ್ಷಕ್ಕೆ ಪಿತೃಗಳ ಪಟ ತೂಗುಹಾಕಿ, ಅದರ ಮುಂದೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮುದುಕ ತೀರ್ಪು ಕೊಟ್ಟ: ಹಿರಿಯ ಮಗನ ಕವಲು ಬತ್ತಬಾರದು, ಕಿರಿಯವನ ಎರಡನೇ ಮಗ ಇನ್ನು ಹಿರಿಯವನ ಮಗ. ಮನುಷ್ಯ ತನಗೆ ತಾನೇ ಏನೂ ಅಲ್ಲ, ಯಾರಿಗೋ ಮಗ, ಯಾರಿಗೋ ತಮ್ಮ, ಯಾರಿಗೋ ಅಪ್ಪ, ಆ ಜಾಗ ತುಂಬಿದ್ದರೆ ಮನೆ ನಿಲ್ಲುತ್ತದೆ, ಮನೆ ನಿಂತರೆ ನಾಡು ನಿಲ್ಲುತ್ತದೆ ಅನ್ನುವುದು ಆತ ಜೀವಮಾನವಿಡೀ ಹೇಳಿಕೊಟ್ಟ ಪಾಠ. ಆರು ವರ್ಷದ ಫುಲಿನ್ ದೊಡ್ಡಪ್ಪ ದೊಡ್ಡಮ್ಮನ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿ ಅಪ್ಪ, ಅಮ್ಮ ಅಂದ. ತಿರುಗಿ ಕೂತು, ಹೆತ್ತವರಿಗೆ ಚಿಕ್ಕಪ್ಪ, ಚಿಕ್ಕಮ್ಮ ಅಂದ. ಹೊಸ ಬಟ್ಟೆ ಹಾಕಿದ್ದರಲ್ಲ, ಖುಷಿಯಾಗಿಯೇ ಇದ್ದನಂತೆ.

ಎರಡು ಮನೆಗೂ ನಡುವೆ ಒಂದೇ ಗೋಡೆ. ಮಾರನೆಯ ಬೆಳಿಗ್ಗೆ ಹುಡುಗ ಹಸಿವಾಗಿ ಎಂದಿನಂತೆ ಹಳೆಯ ಮನೆ ಬಾಗಿಲಿಗೆ ಬಂದು "ಅಮ್ಮಾ" ಅಂದ. ಹೆತ್ತವಳು, ಸುಯಿ ಮನೆತನದಿಂದ ಬಂದ ನಮ್ಮ ಚಿಕ್ಕತ್ತೆ, ಒಳಗಿನಿಂದ ಅಗುಳಿ ಹಾಕಿದಳು.

"ನಿನ್ನ ಮನೆ ಆ ಕಡೆ. ಹಸಿವಾದ್ರೆ ನಿಮ್ಮಮ್ಮನ್ನ ಕೇಳು, ಹೋಗು."

ಹುಡುಗ ಬಾಗಿಲಲ್ಲೇ ಕೂತ. ಬಿಸಿಲು ಏರಿತು. ಅವಳು ಬಾಗಿಲು ತೆಗೆಯಲಿಲ್ಲ. ಕೊನೆಗೆ ದೆಗುಯಿಯ ಹೆಂಡತಿ, ನಮ್ಮ ದೊಡ್ಡತ್ತೆ, ಬಂದು ಎತ್ತಿಕೊಂಡು ಹೋದಳು. ಆಮೇಲೆ ಅವನು ಆ ಬಾಗಿಲಿಗೆ ಬಂದು ಹಾಗೆ ಕರೆಯಲಿಲ್ಲ. ಚಿಕ್ಕತ್ತೆಯನ್ನು ಕಲ್ಲುಹೃದಯದವಳು ಅಂತ ಊರು ಆಡಿಕೊಂಡಿತು. ಅರ್ಧ ಮನಸ್ಸಿನಿಂದ ಕೊಟ್ಟರೆ ಹುಡುಗ ಎರಡೂ ಮನೆಗೆ ಸಲ್ಲದವನಾಗುತ್ತಾನೆ ಅಂತ ಅವಳ ಲೆಕ್ಕವಿತ್ತು ಅಂತ ನನ್ನ ಅಂದಾಜು. ಅವಳು ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆತ್ತಪ್ಪ ದೆಮಿಂಗ್ ಸತ್ತಾಗ ಅಣ್ಣ ಫುಶಾನ್ ಮಗನ ಜಾಗದಲ್ಲಿ ನಿಂತ. ಫುಲಿನ್ ಎರಡನೇ ಸಾಲಿನಲ್ಲಿ, ಅಂಚು ಹೊಲಿದ ಬಟ್ಟೆಯಲ್ಲಿ. ಆಮೇಲೆ ಕಲ್ಲುಕ್ವಾರಿಯಲ್ಲಿ ಬಂಡೆ ಜಾರಿ ಫುಶಾನ್ ಹೋದ, ಮದುವೆಯೂ ಆಗಿರಲಿಲ್ಲ. ಸಾಕಿದಪ್ಪ ದೆಗುಯಿ ಸತ್ತಾಗ ಫುಲಿನ್ ಮೊದಲ ಸಾಲಿಗೆ ಬಂದ, ನೂಲು ಜೋತಾಡುವ ಬಟ್ಟೆ ಹಾಕಿ ಬೋಗುಣಿ ಒಡೆದ. ಅಷ್ಟು ಹೊತ್ತಿಗೆ ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಮುಂದೆ ಗಂಡಾಗಲಿಲ್ಲ. ಯಾವ ಕವಲಿಗಾಗಿ ಇಷ್ಟೆಲ್ಲ ಮಾಡಿದರೋ ಅದು ಅವನಲ್ಲಿಗೇ ನಿಂತಿತು. ಮುದುಕ ತಾತನನ್ನು ಎಬ್ಬಿಸಿ ಕೇಳೋಣ ಅನ್ನಿಸುತ್ತದೆ ನನಗೆ ಕೆಲವು ಸಲ.

ಬೋಗುಣಿಯ ಮಾತು ಹೇಳಬೇಕು. ಸತ್ತವರ ತಲೆಯ ಕಡೆ ಒಂದು ಮಣ್ಣಿನ ಬೋಗುಣಿ ಇಟ್ಟು ಅದರಲ್ಲಿ ಕಾಗದದ ಹಣ ಸುಡುತ್ತೇವೆ. ಹೆಣದ ಪೆಟ್ಟಿಗೆ ಹೊರಡುವಾಗ ಮಗ ಅದನ್ನೆತ್ತಿ ಇಟ್ಟಿಗೆಯ ಮೇಲೆ ಒಂದೇ ಏಟಿಗೆ ಒಡೆಯಬೇಕು. ಅದಕ್ಕೂ ಮೊದಲು, ಮಕ್ಕಳು ಒಬ್ಬೊಬ್ಬರೂ ಅದರ ತಳದಲ್ಲಿ ಒಂದೊಂದು ತೂತು ಕೊರೆಯಬೇಕು. ಯಾಕೆಂದರೆ ಬದುಕಿದ್ದಾಗ ನಾವು ಕೊಳೆ ಮಾಡಿ ಚೆಲ್ಲಿದ ನೀರನ್ನೆಲ್ಲ ಸತ್ತ ಮೇಲೆ ಆ ಲೋಕದಲ್ಲಿ ಅದೇ ಬೋಗುಣಿಯಲ್ಲಿ ತುಂಬಿ ಕುಡಿಸುತ್ತಾರೆ. ತೂತಿದ್ದರೆ ಸೋರಿಹೋಗುತ್ತದೆ. ಗಂಡಸರು ಏನು ಮಹಾ ನೀರು ಚೆಲ್ಲುತ್ತಾರೆ? ಬಟ್ಟೆ ಒಗೆದು, ಪಾತ್ರೆ ತೊಳೆದು, ಮಕ್ಕಳ ಅಂಡು ತೊಳೆದು ಚೆಲ್ಲುವವರು ನಾವು. ಹಾಗಾಗಿ ನಮ್ಮೂರ ಹೆಂಗಸರಿಗೆ ಆ ತೂತಿನ ಚಿಂತೆ ಜಾಸ್ತಿ.

ದೊಡ್ಡತ್ತೆಗಂತೂ ಅದೇ ಗೀಳು. ಮಿಯಾವೋ ಮನೆತನದ ಹೆಣ್ಣು ಅವಳು, ಸಾಕಿದ ಮಗ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಅನ್ನುವ ಭಯ ಎದೆಯಲ್ಲಿ ಬೇರೂರಿತ್ತು. ಗಂಡ ಸತ್ತ ವರ್ಷವೇ ಒಂದು ಬೋಗುಣಿ ತರಿಸಿ, ಫುಲಿನನನ್ನು ಅಂಗಳದಲ್ಲಿ ಕೂರಿಸಿ, ತನ್ನ ಕಣ್ಣೆದುರೇ ತೂತು ಕೊರೆಸಿದಳು. ಮಡಕೆಯನ್ನು ನೀರಲ್ಲಿ ನೆನೆಸಿಟ್ಟು, ದಬ್ಬಳವನ್ನು ಮೆಲ್ಲಗೆ ತಿರುಗಿಸುತ್ತ ಅವನು ಒಂದು ಮಧ್ಯಾಹ್ನವೆಲ್ಲ ಕೊರೆದ. ಅದನ್ನು ಹಳೇ ರಜಾಯಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟುಕೊಂಡಳು. ಹೋದವರಿಗೆಲ್ಲ ತೆಗೆದು ತೋರಿಸುವುದು ಅವಳ ಅಭ್ಯಾಸ.

"ನೋಡು, ಬೆಳಕು ಹೆಂಗೆ ಬರ್ತದೆ. ನನ್ ಮಗ ಕೊರೆದಿದ್ದು."

"ನೋಡಿದೀನಿ ದೊಡ್ಡತ್ತೆ, ಹೋದ ವಾರಾನೂ ನೋಡಿದ್ದೆ. ತೂತು ಇನ್ನೂ ಅಲ್ಲೇ ಇದೆ."

"ಹಲ್ಲು ಕಿರೀಬೇಡ. ನಿಂಗೆ ಮೂರು ಗಂಡುಮಕ್ಕಳು, ನಿಂಗೇನು ಗೊತ್ತು."

ಆಕೆ ಹೇಳಿದ್ದು ನಿಜವೇ. ನನಗೆ ಗೊತ್ತಿರಲಿಲ್ಲ.

ಊರಿಗೆ ಕರೆಂಟು ಬಂದ ಮರುವರ್ಷ, ಚಳಿಗಾಲದಲ್ಲಿ ಚಿಕ್ಕತ್ತೆ ಹಾಸಿಗೆ ಹಿಡಿದಳು. ಫುಲಿನನ ಹೆಂಡತಿ ಗಂಜಿ ಕೊಂಡೊಯ್ದು ಕುಡಿಸುತ್ತಿದ್ದಳು. ಫುಲಿನ್ ಸೌದೆ ಹಾಕಿ, ನೀರು ತುಂಬಿ, ಬಾಗಿಲ ಹತ್ತಿರ ನಿಂತು "ಚಿಕ್ಕಮ್ಮ, ಬರ್ತೀನಿ" ಅಂತ ಹೊರಟುಬಿಡುತ್ತಿದ್ದ. ನಾನು ಸಾವಿನ ಉಡುಪಿಗೆ ಅಳತೆ ತೆಗೆಯಲು ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ನನ್ನ ಬೋಗುಣಿಗೆ ತೂತು ಬೇಡ ಅಂತ ಹೇಳು."

"ಅದೇನ್ ಮಾತು ಚಿಕ್ಕತ್ತೆ? ಅಷ್ಟೂ ಕೊಳಕು ನೀರನ್ನ ನೀವೇ ಕುಡೀತೀರಾ?"

"ಕುಡಿದ್ರಾಯ್ತು. ಇಲ್ಲಿ ಏನೇನು ಕುಡಿದಿಲ್ಲ ನಾನು? ತೂತು ಕೊರೆಯೋದು ಮಕ್ಕಳು. ನನ್ನ ಮಗ ಕ್ವಾರೀಲಿ ಸತ್ತ. ಇವನು ಅಕ್ಕನ ಮಗ. ಅಕ್ಕನ ಹೊಟ್ಟೆ ಉರಿಸಬೇಡಿ."

ಅಕ್ಕ ಅಂದರೆ ಓರಗಿತ್ತಿ, ಗೋಡೆಯಾಚೆಯ ದೊಡ್ಡತ್ತೆ. ಚಿಕ್ಕತ್ತೆಯನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಅಳತೆ ತೆಗೆದುಕೊಂಡು ಬಂದೆ.

ಮೂರು ದಿನಕ್ಕೆ ಹೋದಳು. ಮೈ ತೊಳೆಯಲು ಹೋದ ನಾವು ಹೆಂಗಸರು ಬಾಗಿಲ ಹಿಂದೆ ಒಂದು ರಾಶಿ ನೋಡಿದೆವು, ಸವೆದು ಮೋಟಾದ ಪೊರಕೆಗಳು. ಎಲ್ಲರ ಮನೆಯಲ್ಲೂ ಪೊರಕೆ ಸವೆದರೆ ಒಲೆಗೆ ಹಾಕುತ್ತಾರೆ. ಇವಳು ಒಂದನ್ನೂ ಸುಟ್ಟಿರಲಿಲ್ಲ. ಎಲ್ಲವೂ ಫುಲಿನನ ಕೈಯ ಕಟ್ಟು, ಆ ಗಂಟು ನಮಗೆಲ್ಲ ಗೊತ್ತು. ಬೇರೆಯವರ ಕೈಲಿ ಸಂತೆಯಿಂದ ತರಿಸಿಕೊಳ್ಳುತ್ತಿದ್ದಳಂತೆ. ಫುಲಿನ್ ಒಳಗೆ ಬಂದವನು ಆ ರಾಶಿ ನೋಡಿದ. ಒಬ್ಬಳು ಮೂಗು ಒರೆಸಿಕೊಳ್ಳುತ್ತ ಅವನ ಮುಖವನ್ನೇ ನೋಡುತ್ತಿದ್ದಳು, ಈಗ ಅಳುತ್ತಾನೆ ಅಂತ. ಅವನು ಜಾಗ ಆಗಲಿ ಅಂತ ಎಲ್ಲವನ್ನೂ ತಬ್ಬಿ ಎತ್ತಿ ಹಿತ್ತಲಿಗೆ ಒಯ್ದು ಗೋಡೆಗೆ ಒರಗಿಸಿಟ್ಟು ಬಂದ.

ಈಗ ನಾನು ಕತ್ತರಿ ಹಿಡಿದು ಕೂತಿದ್ದೆ. ಹೆಣದ ಕೆಲಸದ ಯಜಮಾನಿಕೆ ದೆಯಾನ್ ಮಾವನದು. ಊರಿನ ಪ್ರತಿ ಸಾವಿಗೂ ಸಾಲು ನಿಲ್ಲಿಸಿ ಕೂಗು ಹಾಕುವ ಮನುಷ್ಯ. ಅವನನ್ನೇ ಕೇಳಿದೆ.

"ಫುಲಿನನಿಗೆ ಏನು ಹೊಲೀಲಿ ಮಾವ?"

"ಸತ್ತವಳಿಗೆ ಭಾವನ ಮಗ. ಅಂಚು ಹೊಲಿ. ಅದರಲ್ಲಿ ಕೇಳೋದೇನಿದೆ?"

"ಬೋಗುಣಿ ಯಾರು ಒಡೆಯೋದು?"

"ಮಗ ಇಲ್ಲದ ಮನೇಲಿ ಹತ್ತಿರದ ದಾಯಾದಿ ಹುಡುಗ ಒಡೀಬೇಕು. ಅಂದ್ರೆ ಫುಲಿನ್ನೇ."

"ಅಂದ್ರೆ ಒಡೆಯೋನು ಅವನೇ, ಆದ್ರೆ ತೂತು ಕೊರೆಯಂಗಿಲ್ಲ."

"ಕೊರೆಯಂಗಿಲ್ಲ. ನಿನ್ನ ನಾಲಿಗೇಗೂ ಒಂದು ಅಂಚು ಹೊಲ್ಕೊ."

ಗೋಡೆಯಾಚೆಯಿಂದ ದೊಡ್ಡತ್ತೆ ಫುಲಿನನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಗುಟ್ಟು ಮಾಡುವ ಸ್ವಭಾವ ಅವಳದಲ್ಲ.

"ಒಡಿ, ಬೇಡ ಅನ್ನಲ್ಲ. ಭಾವನ ಮಗನಾಗಿ ಒಡಿ. ಆದ್ರೆ ಅದಕ್ಕೆ ತೂತು ಗೀತು ಕೊರೆದ್ಯೋ, ಅಲ್ಲಿಗೆ ನೀನು ಅವಳ ಮಗ. ಆಮೇಲೆ ನನ್ನ ಹೆಣದ ಮುಂದೆ ಯಾವ ಮುಖ ಇಟ್ಕೊಂಡು ನಿಲ್ತೀಯ?"

"ಹುಂ."

"ಹುಂ ಅಂದ್ರೆ ಏನು?"

"ಕೊರೆಯಲ್ಲಮ್ಮ."

ನಾನು ಅಂಚು ಹೊಲಿದೆ. ಸಿಟ್ಟಿನಲ್ಲಿ ಒತ್ತಾಗಿ, ಗಟ್ಟಿಯಾಗಿ ಹೊಲಿದೆ. ಬಟ್ಟೆ ಹಾಕಿಸುವಾಗ ಅವನ ಭುಜ ಮುಟ್ಟಿದರೆ ಕೊರಡು ಮುಟ್ಟಿದ ಹಾಗಿತ್ತು.

"ಅತ್ತುಬಿಡೋ ಫುಲಿನ್. ಚಿಕ್ಕಮ್ಮನಿಗೆ ಅಂತಾದ್ರೂ ಅಳಬಹುದು. ಅದಕ್ಕೆ ಯಾರೂ ಬೇಡ ಅನ್ನಲ್ಲ."

"ಬರ್ತಾ ಇಲ್ಲ ಅತ್ತಿಗೆ," ಅಂದ. ಬಾವಿಯಲ್ಲಿ ನೀರು ಬರುತ್ತಿಲ್ಲ ಅನ್ನುವ ಧ್ವನಿಯಲ್ಲೇ ಅಂದ.

ಹೊರಡುವ ದಿನ ಮೋಡವಿತ್ತು, ಗಾಳಿಯಿರಲಿಲ್ಲ. ಬೋಗುಣಿಯಲ್ಲಿ ಕೊನೆಯ ಕಾಗದ ಉರಿಯುತ್ತಿತ್ತು. ಎಂಟು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಒಮ್ಮೆ ಮೇಲೆದ್ದ ಪೆಟ್ಟಿಗೆ ಮಸಣದವರೆಗೆ ನೆಲ ಮುಟ್ಟಬಾರದು. ದೊಡ್ಡತ್ತೆ ತನ್ನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು, ಕಣ್ಣು ಮಾತ್ರ ಮಗನ ಕೈ ಮೇಲೆ.

ದೆಯಾನ್ ಮಾವ ಕೂಗಿದ: "ಭಾವನ ಮಗ ಮುಂದೆ ಬಾ! ಬೋಗುಣಿ ಎತ್ತು!"

ಫುಲಿನ್ ಬಂದು ಮಂಡಿಯೂರಿದ. ಬೋಗುಣಿ ಎತ್ತಿದ. ಬೂದಿ ಚೆಲ್ಲಿದ. ಎತ್ತಿ ಒಡೆಯಬೇಕಾದವನು ಅದನ್ನು ಕವುಚಿ ತಳ ನೋಡಿದ. ತೂತಿಲ್ಲದ ಬೋಳು ತಳ. ತೊಡೆಯ ಮೇಲಿಟ್ಟುಕೊಂಡು, ಬಿಳಿ ಬಟ್ಟೆಯ ಒಳಗೆ ಕೈಹಾಕಿ ಸೊಂಟದ ದಬ್ಬಳ ಎಳೆದ. ಯೋಚನೆ ಮಾಡಿ ಮಾಡಿದ್ದು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಪೊರಕೆಗೆ ದಾರ ಹಾಕಲು ಕೂತವನ ಹಾಗೆ ಮೊನೆ ಇಟ್ಟು ತಿರುಗಿಸತೊಡಗಿದ.

"ಏಯ್! ಏನೋ ಮಾಡ್ತಾ ಇದೀಯ?" ದೆಯಾನ್ ಮಾವ.

ಕೆಂಪು ಪುಡಿ ಅವನ ಬಟ್ಟೆಯ ಮೇಲೆ ಉದುರುತ್ತಿತ್ತು.

"ಬೇಗ ಮಾಡೋ ಮಾರಾಯ, ಹೆಗಲು ಕಿತ್ತು ಬರ್ತಾ ಇದೆ," ಅಂದ ಹೊತ್ತವರಲ್ಲೊಬ್ಬ. "ಮುದುಕಿ ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ."

ದೊಡ್ಡತ್ತೆ ಮಣೆಯಿಂದ ಎದ್ದಳು. "ಫುಲಿನ್! ಏನ್ ಹೇಳಿದ್ದೆ ನಿಂಗೆ?"

"ಹುಂ," ಅಂದ. ಕೈ ನಿಲ್ಲಲಿಲ್ಲ.

ದೊಡ್ಡತ್ತೆಯ ಬೋಗುಣಿಯನ್ನು ನೀರಲ್ಲಿ ನೆನೆಸಿ ಕೊರೆದಿದ್ದ. ಇದು ಒಣ ಬೋಗುಣಿ, ಮೇಲಾಗಿ ಬೆಂಕಿಯಿಂದ ಈಗಷ್ಟೇ ಇಳಿದದ್ದು, ಒಡೆಯಲೆಂದೇ ಅರೆಬರೆ ಸುಟ್ಟ ಮಣ್ಣು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಟಕ್ಕೆಂದು ಸದ್ದಾಯಿತು. ಬೋಗುಣಿ ಅವನ ತೊಡೆಯ ಮೇಲೆ ಎರಡು ಹೋಳಾಗಿ ಬಿತ್ತು.

ತೂತೂ ಆಗಲಿಲ್ಲ, ಎತ್ತಿ ಒಡೆದದ್ದೂ ಆಗಲಿಲ್ಲ. ಹಾಗೆ ಕಳಿಸಿದರೆ ಸತ್ತವಳಿಗೆ ಅಲ್ಲಿ ಪಾತ್ರೆಯೇ ಇಲ್ಲ, ಹಿಂದೆ ಉಳಿದವರಿಗೆ ಒಳ್ಳೆಯದಲ್ಲ. ಬೇರೆ ಬೋಗುಣಿ ತರಲು ಸಂತೆಯೂರಿಗೆ ಹೋಗಬೇಕು, ಪೆಟ್ಟಿಗೆ ಹೆಗಲ ಮೇಲಿದೆ. ಊರಲ್ಲಿ ಇನ್ನೊಂದು ಬೋಗುಣಿ ಎಲ್ಲಿದೆ ಅಂತ ನಮಗೆಲ್ಲ ಗೊತ್ತಿತ್ತು. ಯಾರಿಗೂ ಆ ಬಾಗಿಲ ಕಡೆ ತಿರುಗುವ ಧೈರ್ಯವಿರಲಿಲ್ಲ. ಫುಲಿನ್ ಎರಡು ಹೋಳನ್ನೂ ಜೋಡಿಸಿ ಹಿಡಿದು ನೋಡುತ್ತಿದ್ದ, ಕೂಡಿಕೊಳ್ಳುತ್ತದೇನೋ ಅನ್ನುವ ಹಾಗೆ.

ನಾನು ತಿರುಗಿದಾಗ ದೊಡ್ಡತ್ತೆಯ ಮಣೆ ಖಾಲಿ. ಮುದುಕಿ ಸಿಟ್ಟಿನಿಂದ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು ಅಂದುಕೊಂಡೆ. ಈ ಮನೆತನದ ಹೆಂಗಸರಿಗೆ ಅದೊಂದು ಚೆನ್ನಾಗಿ ಬರುತ್ತದೆ ಅಂತ ಮನಸ್ಸಿನಲ್ಲೇ ಬಯ್ದೆ ಕೂಡ.

ಅವಳು ಹೊರಗೆ ಬಂದಳು. ರಜಾಯಿಯ ಗಂಟನ್ನು ಎದೆಗವಚಿಕೊಂಡಿದ್ದಳು. ಕಾಲು ಸರಿಯಾಗಿ ಏಳುತ್ತಿರಲಿಲ್ಲ, ಯಾರೋ ಹಿಡಿಯಲು ಹೋದರೆ ಮೊಣಕೈಯಿಂದ ತಳ್ಳಿದಳು. ಫುಲಿನನ ಮುಂದೆ ಬಂದು ಗಂಟು ಬಿಚ್ಚಿದಳು.

ದೆಯಾನ್ ಮಾವನ ಧ್ವನಿ ಇಳಿಯಿತು. "ಅತ್ತಿಗೆ, ಅದು ನಿಮ್ದು."

"ನಂದು ಅಂತ ನಂಗೊತ್ತಿಲ್ವಾ? ನೀನು ಹೇಳ್ಕೊಡ್ಬೇಕಾ?" ಬೋಗುಣಿಯನ್ನು ಫುಲಿನನ ಕೈಗೆ ತುರುಕಿದಳು. "ಇದ್ರಲ್ಲಿ ತೂತಿದೆ. ಮಗ ತಾಯಿಗೆ ಅಂತ ಕೊರೆದಿದ್ದು. ತಗೊ."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಏನ್ ನೋಡ್ತೀಯ? ಅವ್ರ ಹೆಗಲು ಬೀಳ್ತಾ ಇದೆ. ಒಂದೇ ಏಟಿಗೆ ಒಡಿ. ಇದನ್ನೂ ತೊಡೆ ಮೇಲೆ ಇಟ್ಕೊಂಡು ಕೂರ್ಬೇಡ."

ದೆಯಾನ್ ಮಾವ ಕೂಗು ಹಾಕಲು ಬಾಯಿ ತೆರೆದ. ಭಾವನ ಮಗ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ ಹೊಳೆಯದೆ ಹಾಗೇ ಮುಚ್ಚಿಕೊಂಡ. ಫುಲಿನ್ ಎದ್ದು ನಿಂತ. ಎರಡೂ ಕೈಯಲ್ಲಿ ಬೋಗುಣಿಯನ್ನು ತಲೆಯ ಮೇಲಕ್ಕೆ ಎತ್ತಿ ಇಟ್ಟಿಗೆಯ ಮೇಲೆ ಅಪ್ಪಳಿಸಿದ. ಚೂರು ನನ್ನ ಕಾಲಿನವರೆಗೂ ಹಾರಿತು. ಒಡೆಯುವಾಗ ಸತ್ತವರನ್ನು ಕರೆದು ಒಳ್ಳೆಯ ದಾರಿಯಲ್ಲಿ ಹೋಗಿ ಅನ್ನಬೇಕು. ಅವನು ಏನಂತ ಕರೆಯುತ್ತಾನೆ ಅಂತ ಊರೇ ಕಿವಿ ನಿಮಿರಿಸಿತ್ತು. ಅವನು ಏನೂ ಕರೆಯಲಿಲ್ಲ. ಪೆಟ್ಟಿಗೆಯ ಮುಂದೆ ನಡೆದ, ಹೂಳಿದ, ಮಣ್ಣು ಎಳೆದ, ಬಂದವರಿಗೆಲ್ಲ ಊಟ ಬಡಿಸಿದ. ಕಣ್ಣು ಒದ್ದೆಯಾದದ್ದನ್ನು ಯಾರೂ ಕಾಣಲಿಲ್ಲ.

ಮುಂದಿನ ಸಂತೆಗೆ ಹೋಗಿ ದೊಡ್ಡತ್ತೆಗೆ ಹೊಸ ಬೋಗುಣಿ ತಂದ. ಅಂಗಳದಲ್ಲಿ ನೀರಿಗೆ ಹಾಕಿ ನೆನೆಸುತ್ತಿದ್ದುದನ್ನು ನಾನು ಆ ಕಡೆ ಹೋಗುವಾಗ ನೋಡಿದೆ. ದೊಡ್ಡತ್ತೆ ಪಕ್ಕದಲ್ಲೇ ಕೂತು ಇನ್ನೂ ನೆನೀಲಿ, ಇನ್ನೂ ನೆನೀಲಿ ಅಂತ ಗೊಣಗುತ್ತಿದ್ದಳು.

ಏಳನೇ ದಿನದ ಬೆಳಿಗ್ಗೆ, ಗೋರಿಗೆ ಹೋಗಬೇಕಾದ ಹೊತ್ತಿಗೆ, ಫುಲಿನ್ ನನ್ನ ಬಾಗಿಲಿಗೆ ಬಂದ. ಸೂತಕದ ಬಟ್ಟೆ ಮಡಿಸಿ ತಂದಿದ್ದ.

"ಅತ್ತಿಗೆ, ಅಂಚು ಬಿಚ್ಚಿಕೊಡ್ತೀರಾ?"

ನಾನು ಅವನ ಮುಖ ನೋಡಿದೆ. ಎಂದಿನ ಮುಖವೇ. "ದೊಡ್ಡತ್ತೆಗೆ ಗೊತ್ತಾ?"

"ಅವರೇ ಕಳಿಸಿದ್ದು. ಅವರ ಕಣ್ಣಿಗೆ ದಾರ ಕಾಣಿಸಲ್ಲ."

ಕೂರಲು ಹೇಳಿದೆ. ಅವತ್ತಿನ ಸಿಟ್ಟಿಗೆ ಎಷ್ಟು ಒತ್ತಾಗಿ ಹೊಲಿದಿದ್ದೆ ಅಂದರೆ ಕತ್ತರಿಯ ತುದಿ ಒಳಗೆ ಹೋಗುತ್ತಿರಲಿಲ್ಲ. ಅವನು ಸೊಂಟದ ದಬ್ಬಳ ತೆಗೆದುಕೊಟ್ಟ. ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದೆ, ಅವನು ಬಟ್ಟೆಯ ಇನ್ನೊಂದು ತುದಿ ಬಿಗಿಯಾಗಿ ಹಿಡಿದುಕೊಂಡಿದ್ದ. ನನಗೆ ತಡೆಯಲಾಗದೆ ಅಳು ಬಂತು, ಊರವರ ಸಾವಿಗೆಲ್ಲ ಹೊಲಿದವಳ ಕಣ್ಣಿಗೆ ದಾರ ಮಸುಕು ಮಸುಕಾಗಿ ಕಾಣುತ್ತಿತ್ತು. ಅವನು ಅಳಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆದು ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾದ.

ಮುಗಿದ ಮೇಲೆ ನಾನೇ ತೊಡಿಸಿದೆ. ಸುತ್ತಲೂ ಅಂಚು ಬಿರಿದು ನೂಲು ಜೋತಾಡುತ್ತಿತ್ತು.

"ಭುಜ ಬಿಗಿಯಾಗ್ತದೇನೋ?"

ಅವನು ಒಮ್ಮೆ ಕೈ ಮೇಲೆತ್ತಿ ನೋಡಿದ.

"ಇಲ್ಲ ಅತ್ತಿಗೆ. ಸರಿಯಾಗಿದೆ," ಅಂದು ಗೋರಿಯ ಕಡೆ ಹೊರಟ.